ಮನೆಯೊಳಗಿನ ಟೊಮೆಟೊ ಹೂ ಉದುರಿಸುತ್ತಿದೆಯೇ? ತಪ್ಪು ಹುಡುಕುವ ಬಗೆ

ಡಿಸೆಂಬರಿನ ಒಂದು ಬೆಳಿಗ್ಗೆ ಪಡಸಾಲೆ ಗುಡಿಸುತ್ತಿದ್ದಾಗ ಕಸದ ಜೊತೆ ಹನ್ನೊಂದು ಹಳದಿ ಹೂಗಳು ಬಂದವು. ಹಿಂದಿನ ದಿನ ಏಳು ಬಂದಿದ್ದವು. ಗಿಡಕ್ಕೆ ಏನೂ ಆದಂತೆ ಕಾಣುತ್ತಿರಲಿಲ್ಲ. ಎದೆಯೆತ್ತರ ಬೆಳೆದು, ಕಡುಹಸಿರು ಎಲೆ ಹೊತ್ತು, ಕಿಟಕಿಯ ಸರಳಿಗೆ ಒರಗಿ ನಿಂತಿತ್ತು. ಕೆಳಗಿನ ಮನೆಯ ಕಾಕು ಬಂದು ನೋಡಿ, "ಹೊಟ್ಟೆಗೆ ಸಾಲುತ್ತಿಲ್ಲ, ಗೊಬ್ಬರ ಹಾಕಿರಿ" ಎಂದರು. ಗೊಬ್ಬರದ ಅಂಗಡಿಯವನು ಬೋರಾನ್ ಕೊಟ್ಟು ಕಳುಹಿಸಿದ. ಎರಡನ್ನೂ ಮಾಡಿದೆ. ಎಲೆ ಇನ್ನಷ್ಟು ದಪ್ಪಗಾಯಿತು, ಹೂ ಮೊದಲಿನಂತೆಯೇ ನೆಲ ಸೇರಿತು.

ಆಮೇಲೆ ಎರಡು ಚಳಿಗಾಲ ಕಳೆದಿವೆ. ಈಗ ಯಾರಾದರೂ ಮನೆಯೊಳಗಿನ ಟೊಮೆಟೊ ಬಗ್ಗೆ ದೂರು ತಂದರೆ ನಾನು ಗಿಡವನ್ನು ಕೊನೆಗೆ ನೋಡುತ್ತೇನೆ, ಮನೆಯನ್ನು ಮೊದಲು ನೋಡುತ್ತೇನೆ. ಹೊಲದ ಗಿಡ ಸೊರಗಿದರೆ ರೋಗವನ್ನೋ ಹುಳವನ್ನೋ ಹುಡುಕುವುದು ಸರಿ. ನಾಲ್ಕು ಗೋಡೆಯ ನಡುವಿನ ಗಿಡಕ್ಕೆ ಎರಡು ಪ್ರಶ್ನೆ ಸಾಕು: ಹೊಲದಲ್ಲಿ ಪುಕ್ಕಟೆ ಸಿಗುತ್ತಿದ್ದ ಯಾವುದು ಇಲ್ಲಿ ಸಿಗುತ್ತಿಲ್ಲ? ಹೊಲದಲ್ಲಿ ಇರದ ಯಾವುದು ಇಲ್ಲಿ ಇದೆ? ನಾನು ಕಂಡ ಹತ್ತು ದೂರುಗಳಲ್ಲಿ ಎಂಟಕ್ಕೆ ಉತ್ತರ ಇವೆರಡರಲ್ಲೇ ಸಿಕ್ಕಿದೆ.

ಮೊದಲೇ ಒಂದು ಮಾತು. ಅಂಗಳವಿದ್ದವರು ಈ ಸಾಹಸಕ್ಕೆ ಇಳಿಯುವ ಅಗತ್ಯವೇ ಇಲ್ಲ. ಬೆಳಗಾವಿ ಸುಮಾರು 2,500 ಅಡಿ ಎತ್ತರದಲ್ಲಿದ್ದರೂ ಇಲ್ಲಿನ ಚಳಿ ಟೊಮೆಟೊವನ್ನು ಕೊಲ್ಲುವಂಥದ್ದಲ್ಲ, ಬಯಲಿನಲ್ಲಿ ಚೆನ್ನಾಗಿಯೇ ಬರುತ್ತದೆ. ನಮ್ಮದು ಟಿಳಕವಾಡಿಯ ಕಡೆ ಮಹಡಿಯ ಮೇಲಿನ ಬಾಡಿಗೆ ಮನೆ. ಛತ್ತಿನ ಮೇಲೆ ಕುಂಡ ಇಟ್ಟರೆ ಸೋರುತ್ತದೆ ಎಂದು ಮಾಲೀಕರ ತಕರಾರು. ಕದ್ದು ಇಟ್ಟರೆ ಮಂಗಗಳು ಬಿಡುವುದಿಲ್ಲ. ಉಳಿದದ್ದು ಪಡಸಾಲೆಯ ದಕ್ಷಿಣದ ಕಿಟಕಿ.

ಮೂರು ದಿನ ಏನನ್ನೂ ಹಾಕಬೇಡಿ

ಗೊಬ್ಬರ, ಔಷಧಿ, ಮಜ್ಜಿಗೆ, ಬೂದಿ ಎಲ್ಲವೂ ಮೂರು ದಿನ ದೂರವಿರಲಿ. ಒಂದರ ಮೇಲೊಂದು ಹಾಕಿದರೆ ಯಾವುದು ತಪ್ಪು, ಯಾವುದು ಮದ್ದು ಎಂಬುದೇ ಕಲಸಿಹೋಗುತ್ತದೆ. ಆ ಮೂರು ದಿನ ಅಳತೆಯ ಕೆಲಸ. ರಾತ್ರಿಯ ಕನಿಷ್ಠ ಉಷ್ಣತೆಯನ್ನು ನೆನಪಿಟ್ಟು ತೋರಿಸುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಗಿಡದ ನೆತ್ತಿಯ ಮಟ್ಟದಲ್ಲಿ ಕಟ್ಟಿ. ಗೋಡೆಯ ಮೊಳೆಗೆ ಹಾಕಿದರೆ ಅದು ಗೋಡೆಯ ಉಷ್ಣತೆ ಹೇಳುತ್ತದೆ. ಮೊಬೈಲಿಗೆ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುವ ಆ್ಯಪ್ ಹಾಕಿಕೊಳ್ಳಿ. ಲೆಕ್ಕ ಕರಾರುವಾಕ್ಕಾಗಿ ಇರುವುದಿಲ್ಲ, ಆದರೆ ಎರಡು ಸಾವಿರಕ್ಕೂ ಇಪ್ಪತ್ತು ಸಾವಿರಕ್ಕೂ ಇರುವ ಅಂತರ ತಿಳಿಯಲು ಅಷ್ಟು ಸಾಕು. ನೀರಿಗೆ ಬೆರಳಿದೆ: ಮಣ್ಣಿನೊಳಗೆ ಎರಡು ಗೆಣ್ಣು ಆಳಕ್ಕೆ ಇಳಿಸಿ ನೋಡುವುದು.

ಹೂ ಬಂದು ಉದುರುತ್ತಿದ್ದರೆ

ಬಿದ್ದ ಹೂವನ್ನು ಎತ್ತಿ ಅದರ ತೊಟ್ಟು ನೋಡಿ. ಟೊಮೆಟೊ ಹೂವಿನ ತೊಟ್ಟಿನ ನಡುವೆ ಮೊಣಕೈಯಂತೆ ಒಂದು ಗಂಟು ಇರುತ್ತದೆ. ಆ ಗಂಟಿನಲ್ಲಿ ನುಣ್ಣಗೆ ಕಳಚಿಕೊಂಡಿದ್ದರೆ ಗಿಡ ತಾನೇ ಬಿಟ್ಟುಕೊಟ್ಟಿದೆ ಎಂದರ್ಥ. ಗಂಟಿನಿಂದ ಆಚೆ ಹರಿದಂತೆ ಮುರಿದಿದ್ದರೆ ಕಿಟಕಿಯ ಪರದೆಯನ್ನೋ ಮನೆಯ ಮಗುವನ್ನೋ ವಿಚಾರಿಸಿ. ಗಿಡದ ಮೇಲೆ ಇನ್ನೂ ಇರುವ ಹೂಗಳಲ್ಲೂ ಆ ಗಂಟು ಹಳದಿಗೆ ತಿರುಗಿದ್ದರೆ ಒಂದೆರಡು ದಿನದಲ್ಲಿ ಅವೂ ಬೀಳುತ್ತವೆ.

ಗಿಡ ತಾನಾಗಿ ಬಿಟ್ಟಿದ್ದರೆ ಮುಂದಿನ ಪರೀಕ್ಷೆ ಬಹಳ ಸುಲಭ, ನನಗೆ ಅತ್ಯಂತ ಪ್ರಿಯವಾದದ್ದೂ ಹೌದು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಪೂರ್ತಿ ಅರಳಿ ದಳಗಳು ಹಿಂದಕ್ಕೆ ಮಡಚಿದ ಹೂವಿನ ಕೆಳಗೆ ಆರಿಸಿದ ಮೊಬೈಲಿನ ಕಪ್ಪು ಪರದೆ ಹಿಡಿಯಿರಿ. ಹೂಗೊಂಚಲಿನ ಕಾಂಡಕ್ಕೆ ಬೆರಳಿನಿಂದ ಟಕ್ಕನೆ ಒಂದು ಏಟು ಕೊಡಿ. ಪರದೆಯ ಮೇಲೆ ತೆಳುವಾದ ಹಳದಿ ಪುಡಿ ಬಿದ್ದರೆ ಪರಾಗ ಚೆನ್ನಾಗಿದೆ, ಅದು ಸೇರಬೇಕಾದ ಜಾಗ ಸೇರುತ್ತಿಲ್ಲ ಅಷ್ಟೆ. ಏನೂ ಬೀಳದಿದ್ದರೆ ಪರಾಗವೇ ಸರಿಯಾಗಿ ಹುಟ್ಟುತ್ತಿಲ್ಲ, ಇಲ್ಲವೇ ತೇವಕ್ಕೆ ಅಂಟಿ ಕುಳಿತಿದೆ.

ಪುಡಿ ಬಿದ್ದಿತು ಎನ್ನೋಣ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ. ಪರಾಗಕೋಶಗಳು ಒಟ್ಟುಗೂಡಿ ಶಂಕುವಿನ ಆಕಾರದ ಕೊಳವೆಯಾಗಿರುತ್ತವೆ, ನಡುವೆ ಹೆಣ್ಣು ಭಾಗ. ಪರಾಗ ಆ ಕೊಳವೆಯ ಒಳಕ್ಕೆ ಉದುರಬೇಕಾದರೆ ಅದನ್ನು ಯಾರಾದರೂ ನಡುಗಿಸಬೇಕು. ಹೊಲದಲ್ಲಿ ಈ ಕೆಲಸವನ್ನು ಗಾಳಿ ಮಾಡುತ್ತದೆ, ದುಂಬಿ ಮಾಡುತ್ತದೆ, ನೀಲಿ ಪಟ್ಟೆಯ ಒಂಟಿ ಜೇನು ಮಾಡುತ್ತದೆ. ಇವು ಹೂವನ್ನು ಅಪ್ಪಿ ಹಿಡಿದು ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿದಾಗ ಪರಾಗ ಕೆಳಗಿಳಿಯುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಈ ವಿದ್ಯೆ ಬಾರದು. ಮುಚ್ಚಿದ ಕೋಣೆಯಲ್ಲಿ ಇವರಾರೂ ಇಲ್ಲವಾದ್ದರಿಂದ ಅದು ನಿಮ್ಮ ಕೆಲಸ. ಬ್ಯಾಟರಿಯ ಹಲ್ಲುಜ್ಜುವ ಬ್ರಷ್ಷಿನ ಬೆನ್ನನ್ನು ಗೊಂಚಲಿನ ಕಾಂಡಕ್ಕೆ ಎರಡು ಮೂರು ಸೆಕೆಂಡು ಮುಟ್ಟಿಸಿದರೆ ಸಾಕು, ಹೂವಿಗೆ ತಾಗಿಸಬಾರದು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ, ದಿನ ಬಿಟ್ಟು ದಿನ. ಬ್ರಷ್ ಇಲ್ಲದಿದ್ದರೆ ಬೆರಳಿನ ಏಟು ಆಗುತ್ತದೆ, ಸ್ವಲ್ಪ ಹೆಚ್ಚು ತಾಳ್ಮೆ ಬೇಕು. ಹೊಸ ಬಣ್ಣದ ಕುಂಚದಿಂದ ಹೂವಿನ ಬಾಯಿ ಸವರುವವರನ್ನೂ ಕಂಡಿದ್ದೇನೆ. ಕುಂಬಳದ ಹೂವಿಗೆ ಅದು ಸರಿ. ಇಲ್ಲಿ ಪರಾಗ ಕೊಳವೆಯ ಒಳಮೈಯಲ್ಲಿ ಇರುವುದರಿಂದ ಕುಂಚಕ್ಕೆ ಸಿಗುವುದೇ ಕಡಿಮೆ.

ಪುಡಿ ಬೀಳಲಿಲ್ಲವೇ? ಥರ್ಮಾಮೀಟರ್ ನೋಡಿ. ಕಾಯಿ ಕಚ್ಚಲು ರಾತ್ರಿಯ ಉಷ್ಣತೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. 13ಕ್ಕಿಂತ ಕೆಳಗೆ ಇಳಿದ ರಾತ್ರಿಗಳು ಸಾಲಾಗಿ ಬಂದರೆ ಪರಾಗ ಸೊರಗುತ್ತದೆ, ಹೂ ಕಳಚುತ್ತದೆ. ನನ್ನ ಮನೆಯಲ್ಲಿ ಆಗಿದ್ದು ಇದೇ. ಕೋಣೆಯ ನಡುವೆ 18 ಡಿಗ್ರಿ ಇದ್ದಾಗ ಕಿಟಕಿಯ ಕಟ್ಟೆಯ ಮೇಲೆ ಬೆಳಗಿನ ಜಾವ 12 ಇತ್ತು, ಏಕೆಂದರೆ ಗಾಳಿ ಆಡಲಿ ಎಂದು ನಾನೇ ರಾತ್ರಿಯಿಡೀ ಕಿಟಕಿಯ ಒಂದು ಬಾಗಿಲು ತೆರೆದಿಡುತ್ತಿದ್ದೆ. ಮುಚ್ಚಿದೆ. ವಾರದ ಬಳಿಕ ಹೊಸ ಹೂಗಳಲ್ಲಿ ಪುಡಿ ಕಂಡಿತು, ಆದರೂ ಉದುರುವುದು ನಿಲ್ಲಲಿಲ್ಲ. ಕಿಟಕಿ ಮುಚ್ಚಿದ್ದರಿಂದ ಇದ್ದ ಗಾಳಿಯೂ ಹೋಗಿತ್ತಲ್ಲ! ಬ್ರಷ್ ಹಿಡಿದ ನಾಲ್ಕನೆಯ ದಿನಕ್ಕೆ ಮೊದಲ ಕಾಯಿ, ಸಾಸಿವೆಯಷ್ಟು, ಹೂವಿನ ಒಳಗೆ ಕಾಣಿಸಿತು. ಒಂದು ತಪ್ಪಿನ ಹಿಂದೆ ಇನ್ನೊಂದು ಅಡಗಿರುವುದು ಮನೆಯೊಳಗೆ ಸಾಮಾನ್ಯ. ಮೊದಲನೆಯದನ್ನು ಸರಿಪಡಿಸಿದ ಮೇಲೂ ಲಕ್ಷಣ ಉಳಿದರೆ ನಿಮ್ಮ ನಿರ್ಣಯವೇ ತಪ್ಪಾಗಿತ್ತು ಎಂದು ಕೈಬಿಡಬೇಡಿ.

ವಿಜಯಪುರದವರು ಈ ವಿಷಯದಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು. ಅಲ್ಲಿ ಹಗಲು ಬಿಸಿಲು ಚುರುಕಾಗಿದ್ದರೂ ಶೀತಗಾಳಿಯ ದಿನಗಳಲ್ಲಿ ರಾತ್ರಿಯ ಉಷ್ಣತೆ ಒಂದಂಕಿಗೆ ಇಳಿಯುವುದುಂಟು. ಕಿಟಕಿಗೆ ದಪ್ಪ ಪರದೆ ಇದ್ದರೆ ರಾತ್ರಿ ಗಿಡವನ್ನು ಪರದೆಯ ಈಚೆ, ಅಂದರೆ ಕೋಣೆಯ ಕಡೆಗೆ ಎಳೆದುಕೊಳ್ಳಿ. ಪರದೆಗೂ ಗಾಜಿಗೂ ನಡುವೆ ಸಿಕ್ಕಿದ ಗಿಡ ಬಯಲಿನಲ್ಲಿ ಇದ್ದಂತೆಯೇ.

ಇನ್ನೊಂದು ಸಾಧ್ಯತೆ: ಹೂವಿನ ಹೆಣ್ಣು ಭಾಗ ಕೊಳವೆಯ ಬಾಯಿಂದ ಆಚೆಗೆ ಉದ್ದವಾಗಿ ಚಾಚಿ ನಿಂತಿದೆಯೇ ನೋಡಿ. ಹಾಗಿದ್ದರೆ ಎಷ್ಟು ನಡುಗಿಸಿದರೂ ಪರಾಗ ಅದಕ್ಕೆ ಸಿಗುವುದು ಕಷ್ಟ. ಬೇಸಿಗೆಯ ಸೆಕೆಯಲ್ಲಿ ಹೀಗಾಗುತ್ತದೆ. ಚಳಿಗಾಲದ ಕೋಣೆಯಲ್ಲಿ ಕಂಡರೆ ಬೆಳಕಿನ ಕೊರತೆಯೇ ಕಾರಣ ಎಂದುಕೊಳ್ಳಬಹುದು.

ಗಿಡ ಉದ್ದವಾಗುತ್ತಿದೆ, ಹೂವೇ ಇಲ್ಲ

ಗೆಣ್ಣಿನಿಂದ ಗೆಣ್ಣಿಗೆ ಒಂದು ಗೇಣು ಅಂತರ, ಬಳ್ಳಿಯಂತೆ ತೂಗಾಡುವ ಕಾಂಡ, ತೆಳು ಎಲೆ: ಬೆಳಕು ಸಾಲುತ್ತಿಲ್ಲ. ಗೆಣ್ಣುಗಳು ಹತ್ತಿರವಿದ್ದು, ಕಾಂಡ ಹೆಬ್ಬೆರಳಿನಷ್ಟು ದಪ್ಪವಾಗಿ, ಎಲೆ ಕಡುಹಸಿರಾಗಿ ಒಳಮುಖ ಸುರುಳಿಯಾಗಿದ್ದು ಹೂವಿಲ್ಲದಿದ್ದರೆ ಸಾರಜನಕ ಹೆಚ್ಚಾಗಿದೆ. ಎರಡನೆಯದಕ್ಕೆ ಮದ್ದು ಕೈ ಕಟ್ಟಿ ಕೂರುವುದು. ಯೂರಿಯಾ, ಸಗಣಿ ಗೊಬ್ಬರ, ಜೀವಾಮೃತ ಎಲ್ಲ ನಿಲ್ಲಿಸಿ, ಮೊಗ್ಗು ಕಂಡ ಮೇಲೆ ಪೊಟ್ಯಾಷ್ ಹೆಚ್ಚಿರುವ, ನೀರಿನಲ್ಲಿ ಕರಗುವ 13:0:45 ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂನಂತೆ ಹದಿನೈದು ದಿನಕ್ಕೊಮ್ಮೆ ಕೊಟ್ಟರಾಯಿತು.

ಬೆಳಕಿನ ವಿಚಾರ ಮಾತ್ರ ಅಷ್ಟು ಸರಳವಲ್ಲ, ಏಕೆಂದರೆ ನಮ್ಮ ಕಣ್ಣು ಮೋಸ ಮಾಡುತ್ತದೆ. ಬಯಲಿನ ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಅದೇ ಹೊತ್ತಿನಲ್ಲಿ ಕಿಟಕಿಯಿಂದ ನಾಲ್ಕು ಅಡಿ ಒಳಗೆ, ನೇರ ಬಿಸಿಲು ಬೀಳದ ಕಡೆ, ಒಂದೆರಡು ಸಾವಿರ ಸಿಕ್ಕರೆ ಹೆಚ್ಚು. ನಮಗೆ ಅಲ್ಲಿ ಕುಳಿತು ಪತ್ರಿಕೆ ಓದಲು ಏನೂ ತೊಂದರೆಯಿಲ್ಲ. ಗಿಡಕ್ಕೆ ಅದು ಉಪವಾಸ.

ದಿಕ್ಕಿನ ಲೆಕ್ಕ ಹೀಗಿದೆ. ಬೆಳಗಾವಿ ಸಮಭಾಜಕದಿಂದ ಸುಮಾರು 16 ಡಿಗ್ರಿ ಉತ್ತರಕ್ಕಿದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 51 ಡಿಗ್ರಿ ಮೇಲಿರುತ್ತಾನೆ. ಹೀಗಾಗಿ ಚಳಿಗಾಲದಲ್ಲಿ ದಕ್ಷಿಣದ ಕಿಟಕಿಯೇ ರಾಜ. ಉತ್ತರದ ಕಿಟಕಿಗೆ ಹೆಚ್ಚುಕಡಿಮೆ ದಸರಾದಿಂದ ಯುಗಾದಿಯವರೆಗೆ ನೇರ ಬಿಸಿಲು ತಾಗುವುದಿಲ್ಲ, ಅಲ್ಲಿ ಟೊಮೆಟೊ ಇಟ್ಟು ಕಾಯುವುದು ವ್ಯರ್ಥ. ದಕ್ಷಿಣದ ಕಿಟಕಿಯಲ್ಲೂ ಒಂದು ಕುತಂತ್ರವಿದೆ. ಮಳೆಗೆಂದು ಕಟ್ಟಿದ ಛಜ್ಜಾ ಒಂದೂವರೆ ಅಡಿ ಚಾಚಿದ್ದರೆ ಡಿಸೆಂಬರಿನ ನಡುಹಗಲಿನಲ್ಲಿ ಅದರ ನೆರಳು ಕಿಟಕಿಯ ಮೇಲ್ಭಾಗದ ಸುಮಾರು ಎರಡು ಅಡಿಯನ್ನು ನುಂಗುತ್ತದೆ. ಕುಂಡವನ್ನು ಕಿಟಕಿಯ ಕಟ್ಟೆಯ ಮೇಲೆಯೇ ಇಟ್ಟವರಿಗೆ ಏನಾಗುತ್ತದೆ ಗೊತ್ತೇ? ಗಿಡ ಸಣ್ಣದಿದ್ದಾಗ ಚೆನ್ನಾಗಿ ಬಿಸಿಲು ಸಿಗುತ್ತದೆ, ಹೂ ಬಿಡುವ ವಯಸ್ಸಿಗೆ ಬಂದಾಗ ಅದರ ನೆತ್ತಿ ನೆರಳಿಗೆ ಹೋಗುತ್ತದೆ, ಬಿಸಿಲು ಕುಂಡಕ್ಕೆ ಬೀಳುತ್ತದೆ. ಕುಂಡವನ್ನು ಕೆಳಗಿಳಿಸಿ, ಸ್ಟೂಲಿನ ಮೇಲೆ, ಎಲೆಗಳಷ್ಟೇ ಕಿಟಕಿಯ ಮಟ್ಟಕ್ಕೆ ಬರುವಂತೆ ಇಡಬೇಕು. ಸೊಳ್ಳೆಯ ಜಾಳಿಯನ್ನು ಹಗಲು ಸರಿಸಿಡಿ. ಅದು ಕದಿಯುವ ಬೆಳಕು ಎಷ್ಟೆಂದು ಮೊಬೈಲಿನಲ್ಲೇ ಅಳೆದು ನೋಡಿ, ಆಶ್ಚರ್ಯಪಡುತ್ತೀರಿ.

ಬಿಸಿಲು ನಾಲ್ಕು ತಾಸಿಗಿಂತ ಕಡಿಮೆ ಸಿಗುವ ಮನೆಯಲ್ಲಿ ದೀಪ ಬೇಕೇ ಬೇಕು. ನೇರಳೆ ಬಣ್ಣದ ದೀಪವನ್ನೇ ತರಬೇಕೆಂದಿಲ್ಲ, ಅದು ಮನೆಯನ್ನು ನಾಟಕದ ರಂಗದಂತೆ ಮಾಡುತ್ತದೆ. ಬಿಳಿ ಎಲ್‌ಇಡಿ ಸಾಕು. ಪೂರ್ತಿ ದೀಪವನ್ನೇ ನೆಚ್ಚಿದ್ದರೆ ಎಲೆಯ ಮೇಲೆ 25 ಸಾವಿರ ಲಕ್ಸ್ ದಿನಕ್ಕೆ 14 ತಾಸು ಬೀಳಬೇಕು. ಕಿಟಕಿಯ ಬಿಸಿಲೂ ಜೊತೆಗಿದ್ದರೆ, ಚೆರ್ರಿ ಟೊಮೆಟೊ ಬೆಳೆಯುವುದಾದರೆ, ಅದರ ಅರ್ಧಕ್ಕೂ ನಡೆಯುತ್ತದೆ. ದೂರದ ಬಗ್ಗೆ ಹುಷಾರು: ಸಣ್ಣ ದೀಪದಿಂದ ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಚಾವಣಿಗೆ ತೂಗುಹಾಕಿದ ದೀಪ ಗಿಡಕ್ಕೆ ಚಂದ್ರನಿದ್ದಂತೆ. ನೆತ್ತಿಯಿಂದ ಒಂದು ಅಡಿಯೊಳಗೆ ಇರಲಿ, ಗಿಡ ಬೆಳೆದಂತೆ ಮೇಲೆತ್ತುವ ಹಾಗೆ ಹಗ್ಗ ಕಟ್ಟಿ. 50 ವಾಟ್‌ನ ದೀಪ 14 ತಾಸು ಉರಿದರೆ ತಿಂಗಳಿಗೆ 21 ಯೂನಿಟ್. ಆ ಖರ್ಚಿಗೆ ಸಂತೆಯಲ್ಲಿ ಎಷ್ಟು ಬುಟ್ಟಿ ಟೊಮೆಟೊ ಬರುತ್ತದೆ ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಕಿವಿ ಕೇಳದವನಂತೆ ಇರುತ್ತೇನೆ.

ಹೆಚ್ಚು ಬೆಳಕು ಒಳ್ಳೆಯದೆಂದು ರಾತ್ರಿಯಿಡೀ ಉರಿಸಬೇಡಿ. ಟೊಮೆಟೊಗೆ ಕತ್ತಲೆಯ ಹೊತ್ತೂ ಬೇಕು. ಇಪ್ಪತ್ತನಾಲ್ಕು ತಾಸು ಬೆಳಕಿನಲ್ಲಿ ಇಟ್ಟರೆ ಎಲೆಗಳು ಮಚ್ಚೆ ಮಚ್ಚೆಯಾಗಿ ಹಳದಿಯಾಗುತ್ತವೆ, ಅದನ್ನು ರೋಗವೆಂದು ತಿಳಿದು ಔಷಧಿ ಹೊಡೆದವರಿದ್ದಾರೆ.

ಎಲೆಗಳು ಕೆಳಗೆ ಬಾಗಿವೆ, ಮಣ್ಣು ಹಸಿಯಾಗಿದೆ

ನನ್ನನ್ನು ಹೆಚ್ಚು ಆಟ ಆಡಿಸಿದ ದೋಷ ಇದು. ಎರಡನೆಯ ಚಳಿಗಾಲದಲ್ಲಿ ಎಳ್ಳಮಾವಾಸ್ಯೆಯ ಮುಂದಿನ ವಾರ ಗಿಡದ ಎಲೆಗಳೆಲ್ಲ ಮಡಚಿದ ಕೊಡೆಯಂತೆ ಕಾಂಡದ ಕಡೆಗೆ ಇಳಿಬಿದ್ದವು. ನೀರು ಸಾಲದೆಂದು ಹಾಕಿದೆ. ಇನ್ನಷ್ಟು ಇಳಿದವು. ಬೇರು ಕೊಳೆಯಿತೆಂದು ನಿಲ್ಲಿಸಿದೆ. ಏನೂ ವ್ಯತ್ಯಾಸವಿಲ್ಲ. ಕೊನೆಗೆ ಊರಿನಿಂದ ಬಂದ ಅತ್ತೆ ಎಲೆಯನ್ನು ಬೆರಳುಗಳ ನಡುವೆ ಹಿಡಿದು, "ಇದು ಬಾಡಿಲ್ಲವಲ್ಲೋ, ಗಟ್ಟಿಯಾಗಿದೆ" ಎಂದರು. ಅಲ್ಲಿಗೆ ದಾರಿ ತೆರೆಯಿತು.

ನೀರಿಲ್ಲದೆ ಬಾಡಿದ ಎಲೆ ಹಸಿ ಬಟ್ಟೆಯಂತೆ ಜೋಲುತ್ತದೆ. ಇಲ್ಲಿ ಎಲೆ ಬಿರುಸಾಗಿತ್ತು, ತೊಟ್ಟು ಮಾತ್ರ ಕೆಳಕ್ಕೆ ಬಾಗಿತ್ತು. ಹೀಗೆ ಮಾಡಿಸುವುದು ಎಥಿಲೀನ್ ಎಂಬ ಅನಿಲ. ಹಣ್ಣುಗಳು ಮಾಗುವಾಗ ಬಿಡುವುದು ಇದನ್ನೇ. ಟೊಮೆಟೊ ಗಿಡ ಇದಕ್ಕೆ ಬಹಳ ಸೂಕ್ಷ್ಮ. ಗಿಡದ ಬಾಜುವಿನ ಗೂಟಕ್ಕೆ ನಾವು ಹಬ್ಬಕ್ಕೆಂದು ತಂದ ಅರೆಬಲಿತ ಬಾಳೆಗೊನೆಯನ್ನು ತೂಗುಹಾಕಿದ್ದೆವು, ಚಳಿಗೆಂದು ಕಿಟಕಿ ಮುಚ್ಚಿದ್ದೆವು. ಗೊನೆ ಮಾಗಿತು, ಗಿಡ ಬಾಗಿತು. ಬಾಳೆಯನ್ನು ಅಡಿಗೆಮನೆಗೆ ಸಾಗಿಸಿ ಎರಡು ಹಗಲು ಕಿಟಕಿ ತೆರೆದಿಟ್ಟೆ. ಬಾಗಿದ ಹಳೆಯ ಎಲೆಗಳು ಪೂರ್ತಿ ಏಳಲಿಲ್ಲ, ಹೊಸವು ನೆಟ್ಟಗೆ ಬಂದವು. ಆ ವಾರ ಉದುರಿದ ಹೂಗಳ ಲೆಕ್ಕವನ್ನೂ ಬಾಳೆಗೊನೆಯ ಖಾತೆಗೇ ಬರೆದುಕೊಂಡೆ.

ಹಣ್ಣಿಲ್ಲದ ಮನೆಯಲ್ಲೂ ಇದೇ ಲಕ್ಷಣ ಕಂಡರೆ ಇನ್ನೆರಡು ಕಡೆ ನೋಡಿ. ಸರಿಯಾಗಿ ಉರಿಯದ ಒಲೆ, ಕೆಂಡದ ಅಗ್ಗಿಷ್ಟಿಕೆಗಳ ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಗಿಡಕ್ಕಿಂತ ಮೊದಲು ಮನುಷ್ಯರ ಜೀವಕ್ಕೆ ಅಪಾಯ, ಅದನ್ನು ಇಂದೇ ನಿಲ್ಲಿಸಿ. ಇನ್ನೊಂದು, ನೀರು ನಿಂತ ಕುಂಡ. ಬೇರಿಗೆ ಉಸಿರು ಕಟ್ಟಿದಾಗ ಗಿಡ ತನ್ನೊಳಗೇ ಆ ಅನಿಲವನ್ನು ಉತ್ಪಾದಿಸಿಕೊಂಡು ಎಲೆ ಬಾಗಿಸುತ್ತದೆ.

ನೀರು ನಿಲ್ಲುವುದು ನಮ್ಮ ಕಡೆ ಬಹುಪಾಲು ಮಣ್ಣಿನ ತಪ್ಪು. ಹೊಲದ ಎರೆ ಮಣ್ಣು ಬಂಗಾರ ಎಂದು ವಿಜಯಪುರ, ಬಾಗಲಕೋಟೆಯ ಊರುಗಳಿಂದ ಚೀಲದಲ್ಲಿ ಹೊತ್ತು ತರುತ್ತಾರೆ. ಜೋಳಕ್ಕೆ ಅದು ಬಂಗಾರವೇ. ಕುಂಡದಲ್ಲಿ ಹಾಕಿದರೆ ಹಸಿಯಾದಾಗ ಹಿಟ್ಟಿನ ಮುದ್ದೆ, ಒಣಗಿದಾಗ ಬಿರುಕು, ಬಿರುಕಿನ ಜೊತೆಗೆ ಬೇರೂ ಹರಿಯುತ್ತದೆ. ಮಸಾರಿ (ಕೆಂಪು) ಮಣ್ಣು ಒಂದು ಪಾಲು, ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು, ಎರೆಹುಳು ಗೊಬ್ಬರ ಒಂದು ಪಾಲು, ಎರಡು ಹಿಡಿ ಬೇವಿನ ಹಿಂಡಿ. ಕುಂಡ 15 ಲೀಟರಿಗಿಂತ ಚಿಕ್ಕದಾಗಬಾರದು. ಬಣ್ಣದ ಖಾಲಿ ಡಬ್ಬಿ ತೂತು ಹಾಕಿದರೆ ಚೆನ್ನಾಗಿ ಆಗುತ್ತದೆ. ಸಕ್ಕರೆ ಕಾರ್ಖಾನೆಯ ಪ್ರೆಸ್ ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ನಮ್ಮ ಜಿಲ್ಲೆಯಲ್ಲಿ ಧಾರಾಳ ಸಿಗುತ್ತದೆ. ಹಸಿಯದನ್ನು ಹಾಕಿದರೆ ಕುಂಡದೊಳಗೆ ಕಾವು ಎದ್ದು ಬೇರು ಸುಡುತ್ತದೆ. ಪೂರ್ತಿ ಕೊಳೆತು ಮಣ್ಣಿನ ವಾಸನೆ ಬಂದ ಮೇಲೆ ಬಳಸಿ.

ಎಲೆಯ ಬಣ್ಣ ಕೆಟ್ಟಿದ್ದರೆ

ಎಲೆಯ ಬೆನ್ನು ನೇರಳೆಯಾಗಿದ್ದರೆ ಪುಸ್ತಕಗಳು ರಂಜಕದ ಕೊರತೆ ಎನ್ನುತ್ತವೆ. ಮಣ್ಣಿನಲ್ಲಿ ರಂಜಕ ಇದ್ದರೂ ಬೇರು ತಣ್ಣಗಿದ್ದರೆ ಅದನ್ನು ಎಳೆದುಕೊಳ್ಳಲಾರದು. ಡಿಸೆಂಬರಿನ ಬೆಳಗಿನ ಜಾವ ಫರಸಿಯ ಮೇಲೆ ಬರಿಗಾಲಿಟ್ಟು ನೋಡಿ, ಕುಂಡಕ್ಕೆ ಏನಾಗುತ್ತಿದೆ ಎಂದು ತಿಳಿಯುತ್ತದೆ. ಕುಂಡದ ಕೆಳಗೆ ಕಟ್ಟಿಗೆಯ ಮಣೆಯನ್ನೋ ನಾಲ್ಕು ಮಡಿಕೆಯ ಗೋಣಿತಟ್ಟನ್ನೋ ಹಾಕಿ, ನೀರನ್ನು ಬೆಳಗ್ಗೆ ಒಂಬತ್ತರ ಮೇಲೆ ಹಾಕಿ. ಹತ್ತು ದಿನ ಕಾಯಿರಿ.

ಕೆಳಗಿನ ಹಳೆಯ ಎಲೆಗಳಲ್ಲಿ ನರ ಹಸಿರಾಗಿ ನಡುವೆ ಹಳದಿಯಾದರೆ ಮೆಗ್ನೀಷಿಯಂ ಕೊರತೆ, ಎಪ್ಸಮ್ ಉಪ್ಪು ಲೀಟರಿಗೆ ಒಂದು ಚಮಚ. ಅದೇ ಚಿತ್ರ ತುದಿಯ ಎಳೆ ಎಲೆಗಳಲ್ಲಿ ಕಂಡರೆ ಕಬ್ಬಿಣದ ಕೊರತೆ, ಅದರ ಹಿಂದೆ ಸಾಮಾನ್ಯವಾಗಿ ಬೋರಿನ ಗಡಸು ನೀರು. ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟಿದ್ದರೆ ಅನುಮಾನವೇ ಬೇಡ, ಕೊಳಾಯಿಯ ನದಿ ನೀರಿಗೆ ಬದಲಿಸಿ. ಬುಡದ ಒಂದೆರಡು ಎಲೆ ಹಣ್ಣಾಗಿ ಉದುರಿದರೆ ಚಿಂತೆ ಬೇಡ. ಕೆಳಗಿನ ಎಲೆಗಳು ಬಣ್ಣ ಕೆಡದೆ ದೋಣಿಯಂತೆ ಮೇಲ್ಮುಖ ಮಡಚಿಕೊಂಡರೂ ಅಷ್ಟೆ.

ತುದಿ ಮುರುಟಿದರೆ

ಇಲ್ಲಿ ಮಾತ್ರ ಆತುರ ಬೇಕು, ಏಕೆಂದರೆ ಮೂರು ಕಾರಣಗಳು ಮೇಲ್ನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಒಂದಕ್ಕೆ ಮದ್ದಿದೆ, ಒಂದಕ್ಕೆ ಕಾಯಬೇಕು, ಒಂದಕ್ಕೆ ಗಿಡವನ್ನೇ ಕೀಳಬೇಕು.

ಭೂತಗನ್ನಡಿ ಹಿಡಿದು ಎಲೆಯ ಬೆನ್ನು ನೋಡಿ. ಚಲಿಸುವ ಕೆಂಪು ಅಥವಾ ಮಾಸಲು ಚುಕ್ಕೆ, ಸಣ್ಣ ಬಲೆ, ಎಲೆಯ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಗುರುತು ಕಂಡರೆ ನುಸಿ. ಒಣಗಿದ ಕೋಣೆ ಅದಕ್ಕೆ ಸ್ವರ್ಗ. ಎಲೆಯ ಬೆನ್ನಿಗೆ ರಭಸದಿಂದ ನೀರು ಚಿಮುಕಿಸಿ, ಸಂಜೆ ಬೇವಿನ ಎಣ್ಣೆ ಲೀಟರಿಗೆ ಐದು ಮಿಲಿಯನ್ನು ಸ್ವಲ್ಪ ಸೋಪಿನೊಂದಿಗೆ ಕಲಸಿ ಸಿಂಪಡಿಸಿ, ವಾರಕ್ಕೊಮ್ಮೆ ಮೂರು ಸಲ. ಎಲೆಯ ಮೇಲೆ ಬಿಳಿಯ ಅಂಕುಡೊಂಕು ಗೆರೆ ಮಾತ್ರ ಇದ್ದರೆ ಅದು ರಂಗೋಲಿ ಹುಳು, ಆ ಎಲೆ ಚಿವುಟಿ ಎಸೆಯಿರಿ.

ಹುಳು ಏನೂ ಇಲ್ಲ, ಹೊಸ ಎಲೆಗಳು ಜರೀಗಿಡದ ಎಲೆಯಂತೆ ಕಿರಿದಾಗಿ, ನರಗಳು ಸಾಲಾಗಿ ಒತ್ತೊತ್ತಾಗಿ, ಕಾಂಡ ತಿರುಚಿಕೊಂಡಿದೆ ಎಂದಾದರೆ ಒಂದು ಪ್ರಶ್ನೆ ಕೇಳುತ್ತೇನೆ: ಸಿಂಪಡಿಸುವ ಪಂಪು ಯಾರದು? ಕಬ್ಬಿನ ಹೊಲದಲ್ಲಿ ಕಳೆಗೆ ಹೊಡೆಯುವ 2,4-ಡಿ ಟೊಮೆಟೊಗೆ ಕಡು ವಿಷ, ತೊಳೆದ ಪಂಪಿನಲ್ಲಿ ಉಳಿದ ತೇವವೇ ಸಾಕು ಗಿಡ ಕೆಡಲು. ಊರಿನ ಅಣ್ಣನಿಂದ ಪಂಪು ತಂದು ಬೇವಿನ ಎಣ್ಣೆ ಹೊಡೆದ ಸ್ನೇಹಿತನೊಬ್ಬ ಬೇವಿನ ಎಣ್ಣೆಯನ್ನೇ ಬೈಯುತ್ತಿದ್ದ. ಗಿಡ ಸಾಯದಿದ್ದರೆ ಮೂರು ನಾಲ್ಕು ವಾರದಲ್ಲಿ ಹೊಸ ಚಿಗುರು ಸರಿಯಾಗಬಹುದು. ಇಂಥ ಕಳೆನಾಶಕ ಗೊಬ್ಬರದಲ್ಲಿ ಸೇರಿ ಬಂದಿದೆಯೆಂಬ ಅನುಮಾನವಿದ್ದರೆ ಆ ಗೊಬ್ಬರವನ್ನು ಬೇರೆ ಡಬ್ಬಿಯಲ್ಲಿ ಮಣ್ಣಿಗೆ ಬೆರೆಸಿ ನಾಲ್ಕು ಅವರೆ ಬೀಜ ಹಾಕಿ. ಅವರೆಯ ಎಲೆ ನೆಟ್ಟಗೆ ಬಂದರೆ ಗೊಬ್ಬರ ನಿರ್ದೋಷಿ.

ಮೂರನೆಯದು ನಂಜು, ಅಂದರೆ ವೈರಸ್. ಎಲೆಗಳು ಬಟ್ಟಲಿನಂತೆ ಮುದುಡಿ, ಅಂಚು ಹಳದಿಯಾಗಿ, ಗಿಡ ಗಿಡ್ಡವಾಗಿ ಪೊದೆಯಾದರೆ ಬಿಳಿ ನೊಣ ತರುವ ಎಲೆ ಮುಟುರು ರೋಗ. ಗಿಡ ಅಲುಗಾಡಿಸಿದಾಗ ಬಿಳಿಯ ಪುಡಿಯಂತೆ ನೊಣಗಳು ಏಳುತ್ತವೆ. ಮದ್ದಿಲ್ಲ. ಗಿಡಕ್ಕೆ ಪ್ಲಾಸ್ಟಿಕ್ ಚೀಲ ಹೊದಿಸಿ, ಬಾಯಿ ಕಟ್ಟಿ, ಆಮೇಲೆ ಕಿತ್ತು ಹೊರಗೆ ಸಾಗಿಸಿ, ನೊಣ ಪಕ್ಕದ ಗಿಡಕ್ಕೆ ಹಾರದಿರಲಿ. ಮುಂದಿನ ಸಲ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ, ಈ ರೋಗವನ್ನು ತಡೆದುಕೊಳ್ಳುವ ತಳಿ ಹಾಕಿ, ಕಿಟಕಿಗೆ ಹಳದಿ ಅಂಟು ಕಾರ್ಡ್ ತೂಗುಬಿಡಿ.

ನಂಜಿನಲ್ಲಿ ಇನ್ನೊಂದು ಬಗೆಯಿದೆ, ನಮ್ಮ ಜಿಲ್ಲೆಗೆ ವಿಶೇಷವಾಗಿ ಹೇಳಬೇಕಾದದ್ದು. ಎಲೆಯಲ್ಲಿ ತಿಳಿಹಸಿರು ಕಡುಹಸಿರು ಬಣ್ಣಗಳು ಕೌದಿಯಂತೆ ಹರಡಿದ್ದರೆ ಮೊಸಾಯಿಕ್ ನಂಜು. ಟೊಮೆಟೊ ಮತ್ತು ತಂಬಾಕು ಒಂದೇ ಕುಟುಂಬದ ಗಿಡಗಳು, ಈ ನಂಜು ಒಣಗಿಸಿದ ತಂಬಾಕಿನಲ್ಲೂ ಬಹುಕಾಲ ಉಳಿಯುತ್ತದೆ. ನಿಪ್ಪಾಣಿಯ ತಂಬಾಕು ಎಲ್ಲೆಡೆ ಹೆಸರುವಾಸಿ, ಅಂಗೈಯಲ್ಲಿ ಸುಣ್ಣ ಸೇರಿಸಿ ತಿಕ್ಕುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ನಮ್ಮ ಸೋದರಮಾವ ಬಂದಾಗಲೆಲ್ಲ ತಂಬಾಕು ಬಾಯಿಗಿಟ್ಟು, ಅದೇ ಬೆರಳಿನಿಂದ ಗಿಡದ ಬಗಲ ಚಿಗುರು ಚಿವುಟಲು ಹೋಗುತ್ತಾರೆ. "ಮಾಮಾ, ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ" ಎಂದರೆ, "ನಿನ್ನ ಗಿಡಕ್ಕೆ ನನಗಿಂತ ಮಡಿ ಹೆಚ್ಚೇನು?" ಎಂದು ನಗುತ್ತಾರೆ. ಕೈಯನ್ನು ಹಾಲಿನಲ್ಲಿ ಅದ್ದಿ ಗಿಡ ಮುಟ್ಟುವುದೂ ಪರೀಕ್ಷಿಸಿದ ಉಪಾಯ, ಹಾಲಿನಲ್ಲಿರುವ ಪ್ರೋಟೀನ್ ಆ ನಂಜನ್ನು ನಿಷ್ಕ್ರಿಯಗೊಳಿಸುತ್ತದೆ. ಅದನ್ನು ಹೇಳಿದ ದಿನ ಮಾವ ಮಾತಿಲ್ಲದೆ ಎದ್ದು ಬಚ್ಚಲಿಗೆ ಹೋದರು.

ಕಾಯಿಯ ಬುಡ ಕಪ್ಪಾದರೆ, ಕೆಂಪಾಗದಿದ್ದರೆ

ಕಾಯಿಯ ತೊಟ್ಟಿನ ಎದುರು ತುದಿಯಲ್ಲಿ ನೀರು ಕುಡಿದಂಥ ಮಚ್ಚೆ ಎದ್ದು, ಒಣಗಿ, ಕಪ್ಪು ತೊಗಲಿನಂತಾದರೆ ಅದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಾಯಿಗೆ ತಲುಪದ್ದರಿಂದ. ಎಲ್ಲರೂ ಮೊಟ್ಟೆಯ ಸಿಪ್ಪೆ ಪುಡಿ ಮಾಡಲು ಓಡುತ್ತಾರೆ. ಬಾಗಲಕೋಟೆಯ ಕಡೆಯ ಸುಣ್ಣಕಲ್ಲಿನ ನೆಲದ ಮಣ್ಣಿನಲ್ಲಿ ಬೆಳೆದ ಗಿಡಕ್ಕೂ ಇದು ಬರುವುದನ್ನು ಕಂಡ ಮೇಲೆ ಸಿಪ್ಪೆಯ ಮೇಲಿನ ನಂಬಿಕೆ ನನಗೆ ಹೋಯಿತು. ಕ್ಯಾಲ್ಸಿಯಂ ನೀರಿನ ಜೊತೆಗಷ್ಟೇ ಮೇಲೇರುತ್ತದೆ. ನಾಲ್ಕು ದಿನ ಒಣಗಿಸಿ ಐದನೆಯ ದಿನ ಬಕೆಟ್ ಸುರಿದರೆ ಆ ಪ್ರಯಾಣ ತುಂಡಾಗುತ್ತದೆ. ಮಣ್ಣಿನ ಮೇಲೆ ಕಬ್ಬಿನ ರವದಿ (ಒಣಗಿದ ಎಲೆ) ಹೊದಿಸಿ, ಸ್ವಲ್ಪ ಸ್ವಲ್ಪವಾಗಿ, ಬೆರಳು ಹೇಳಿದಾಗ ನೀರು ಕೊಡಿ. ಕೆಟ್ಟ ಕಾಯಿ ಸರಿಯಾಗದು, ಕಿತ್ತುಬಿಡಿ, ಮುಂದಿನ ಗೊಂಚಲು ಚೆನ್ನಾಗಿರುತ್ತದೆ.

ಕಾಯಿ ಪೂರ್ತಿ ಬಲಿತು ವಾರಗಟ್ಟಲೆ ಹಸಿರಾಗಿಯೇ ಕುಳಿತಿದೆಯೇ? ಕೆಂಪು ಬಣ್ಣ ಚೆನ್ನಾಗಿ ಮೂಡಲು 20ರಿಂದ 24 ಡಿಗ್ರಿ ಬೇಕು, ಚಳಿಯ ಕೋಣೆಯಲ್ಲಿ ಅದು ತಡವಾಗುತ್ತದೆ. ತುದಿಯಲ್ಲಿ ಸ್ವಲ್ಪ ಹಳದಿ ಅಥವಾ ಗುಲಾಬಿ ಛಾಯೆ ಕಂಡ ಕೂಡಲೇ ಕಿತ್ತು, ಅಡಿಗೆಮನೆಯ ಬೆಚ್ಚನೆಯ ಮೂಲೆಯಲ್ಲಿ ಒಂದು ಹಣ್ಣಾದ ಬಾಳೆಯ ಜೊತೆ ಕಾಗದದ ಚೀಲದಲ್ಲಿ ಇಡಿ. ಗಿಡಕ್ಕೆ ಹಗೆಯಾಗಿದ್ದ ಬಾಳೆ ಇಲ್ಲಿ ನೆಂಟ. ನಾಲ್ಕೈದು ದಿನದಲ್ಲಿ ಕೆಂಪಾಗುತ್ತದೆ. ಛಾಯೆಯೇ ಮೂಡದ ಬಲಿತ ಕಾಯಿಗಳನ್ನು ನಮ್ಮ ಮನೆಯಲ್ಲಿ ಕಾಯುವುದಿಲ್ಲ. ಹಸಿಮೆಣಸಿನಕಾಯಿಯೊಂದಿಗೆ ಎಣ್ಣೆಯಲ್ಲಿ ಬಾಡಿಸಿ, ಹುರಿದ ಶೇಂಗಾ, ಬೆಳ್ಳುಳ್ಳಿ, ಜೀರಿಗೆ ಹಾಕಿ ಕುಟ್ಟಿ, ಬಿಸಿ ರೊಟ್ಟಿಗೆ ಹಚ್ಚಿಕೊಳ್ಳುತ್ತೇವೆ.